ಕಲಾಸವರ್ಣ: ಭಿನ್ನರಾಶಿಯನ್ನು ಬಿಡಿಸಿದ ಬಗೆ

ಭಿನ್ನರಾಶಿಗೆ ಹೆಸರಿಟ್ಟ ಜನರೆಲ್ಲ ಅದನ್ನು ಒಡೆದ ವಸ್ತುವಾಗಿಯೇ ಕಂಡಿದ್ದಾರೆ. ಸಂಸ್ಕೃತದ ‘ಭಿನ್ನ’ವೆಂದರೆ ಒಡೆದದ್ದು. ಅರಬ್ಬಿಯಿಂದ ಉರ್ದುವಿಗೆ ಬಂದ ‘ಕಸ್ರ್’ ಎಂಬ ಮಾತಿಗೂ ಮುರಿದದ್ದೆಂದೇ ಅರ್ಥ. ಇಂಗ್ಲಿಷಿನ ‘ಫ್ರ್ಯಾಕ್ಷನ್’ ಮುರಿಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು. ನಮ್ಮ ರಾಯಚೂರಿನ ಮಟ್ಟಿಗೆ ಇದು ಕೇವಲ ನಿಘಂಟಿನ ವಿಷಯವಲ್ಲ. ನಿಜಾಮರ ಕಾಲದಲ್ಲಿ ಓದಿದವರು ಲೆಕ್ಕವನ್ನು ಉರ್ದುವಿನಲ್ಲಿ ಕಲಿತರು. ೧೯೫೬ರ ಏಕೀಕರಣದ ಅನಂತರ ಅವರ ಮಕ್ಕಳು ಕನ್ನಡದಲ್ಲಿ ಕಲಿತರು. ಮೊಮ್ಮಕ್ಕಳು ಕಾಲೇಜಿನ ಮೆಟ್ಟಿಲೇರಿದೊಡನೆ ಇಂಗ್ಲಿಷಿನಲ್ಲಿ ಕಲಿಯುತ್ತಿದ್ದಾರೆ. ಒಂದೇ ಮನೆಯ ಮೂರು ತಲೆಮಾರಿನವರು ಒಂದೇ ಮುರಿದ ಸಂಖ್ಯೆಯನ್ನು ಮೂರು ಹೆಸರುಗಳಿಂದ ಕರೆದಿದ್ದಾರೆ.

ಮುರಿದದ್ದನ್ನು ಕೂಡಿಸುವುದು ಶಾಲೆಯ ಪಾಠ. ಅರ್ಧ, ಮೂರನೆಯ ಒಂದು, ಆರನೆಯ ಒಂದು, ಇವುಗಳನ್ನು ಕೂಡಿಸೆಂದರೆ ಐದನೆಯ ತರಗತಿಯ ಹುಡುಗನೂ ಛೇದಗಳನ್ನು ಸಮಮಾಡಿ, ಒಂದು ಎಂಬ ಉತ್ತರವನ್ನು ಕೊಡುತ್ತಾನೆ. ಆದರೆ ಲೆಕ್ಕವನ್ನು ತಿರುಗಿಸಿ, ‘ಒಂದು’ ಎಂಬುದನ್ನು ಅಂಶದಲ್ಲಿ ಒಂದೊಂದೇ ಇರುವ ಮೂರು ಭಿನ್ನಗಳನ್ನಾಗಿ ಬಿಡಿಸೆಂದರೆ ದೊಡ್ಡವರೂ ಒಂದು ಗಳಿಗೆ ತಡೆಯುತ್ತಾರೆ. ಐದಾಗಿ, ಏಳಾಗಿ ಬಿಡಿಸೆಂದರೆ ಕೈಚೆಲ್ಲುತ್ತಾರೆ. ಕೂಡಿಸುವುದಕ್ಕೆ ದಾರಿ ಒಂದೇ. ಬಿಡಿಸುವುದಕ್ಕೆ ದಾರಿಗಳು ಹಲವು, ಯಾವುದನ್ನು ಹಿಡಿಯಬೇಕೆಂಬುದು ಮಾತ್ರ ತೋರದು.

ಕನ್ನಡವನ್ನು ಕಲಿಸುವವರಿಗೆ ಈ ತೊಡಕು ಹೊಸದಲ್ಲ. ಸಂಧಿಮಾಡುವುದು ಸುಲಭ, ಸಂಧಿ ಬಿಡಿಸುವುದು ಕಷ್ಟ. ವಿದ್ಯೆಗೆ ಆಲಯವನ್ನು ಸೇರಿಸಿ ವಿದ್ಯಾಲಯವೆನ್ನಲು ಸೂತ್ರ ಸಾಕು. ಹಳಗನ್ನಡದ ಒಂದು ಉದ್ದನೆಯ ಪದ್ಯಪಾದವನ್ನು ಸರಿಯಾದ ತಾಣಗಳಲ್ಲಿ ಬಿಡಿಸಲು ಸೂತ್ರದ ಜೊತೆಗೆ ವಿವೇಕವೂ ಬೇಕು. ಎಲ್ಲಿ ಕತ್ತರಿಸಿದರೆ ತುಂಡುಗಳು ತಮ್ಮಷ್ಟಕ್ಕೆ ಅರ್ಥ ಕೊಡುತ್ತವೆ ಎಂಬುದನ್ನು ಕಾಣುವ ವಿವೇಕ ಅದು. ಇಂದು ಕಲನಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ‘ಆಂಶಿಕ ಭಿನ್ನರಾಶಿ’ ಎಂಬ ಹೆಸರಿನಲ್ಲಿ ಮಾಡುವ ಕೆಲಸವೂ ಇದೇ ಜಾತಿಯದು. ಒಂದು ಬಹುಪದೋಕ್ತಿಯನ್ನು ಇನ್ನೊಂದರಿಂದ ಭಾಗಿಸಿದ ತೊಡಕಿನ ಭಿನ್ನವನ್ನು ಹಾಗೆಯೇ ಅನುಕಲನ ಮಾಡಲು ಬಾರದು. ಅದನ್ನು ಸಣ್ಣ ಸಣ್ಣ ಭಿನ್ನಗಳಾಗಿ ಬಿಡಿಸಿಕೊಂಡರೆ ಒಂದೊಂದೂ ತಾನಾಗಿ ದಾರಿಗೆ ಬರುತ್ತದೆ.

ಈ ಬಿಡಿಸುವ ವಿದ್ಯೆಗೆ ನಮ್ಮ ನಾಡಿನಲ್ಲಿಯೇ ಒಂದು ಹಳೆಯ ಅಧ್ಯಾಯವಿದೆ. ಅದನ್ನು ಬರೆದವನು ಮಹಾವೀರಾಚಾರ್ಯ.

ನೃಪತುಂಗನ ಕಾಲ

ರಾಯಚೂರಿನಿಂದ ಉತ್ತರಕ್ಕೆ ಕೃಷ್ಣೆಯನ್ನು ದಾಟಿ, ಯಾದಗಿರಿ, ವಾಡಿಗಳ ಮೂಲಕ ರೈಲಿನಲ್ಲಿ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ ದೂರವಲ್ಲ. ಕಾಗಿಣಾ ನದಿಯ ದಂಡೆಯ ಮೇಲಿನ ಈ ಊರು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನು ಕ್ರಿ.ಶ. ೮೧೪ರಿಂದ ಸುಮಾರು ೮೭೮ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಪಟ್ಟದಲ್ಲಿದ್ದನು. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡು, ಎಂದರೆ ಇಂದಿನ ರಾಯಚೂರು, ಮಾನ್ವಿ, ದೇವದುರ್ಗಗಳ ಸೀಮೆ, ಅವನ ರಾಜ್ಯದ ಒಡಲಿನಲ್ಲಿತ್ತು.

ಈ ಅರಸನ ಹೆಸರನ್ನು ಕನ್ನಡಿಗರು ಕವಿರಾಜಮಾರ್ಗದೊಡನೆ ನೆನೆಯುತ್ತಾರೆ. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಗುರುತಿಸಿದ್ದು ಅದು. ಬಹುಕಾಲ ರಾಯಚೂರು ಜಿಲ್ಲೆಯಲ್ಲಿಯೇ ಇದ್ದು ೧೯೯೭ರಲ್ಲಿ ಬೇರೆ ಜಿಲ್ಲೆಯಾದ ಕೊಪ್ಪಳವನ್ನು ಆ ಗ್ರಂಥವು ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸುತ್ತದೆಂಬುದನ್ನು ನಮ್ಮ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಅದೇ ಅರಸನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಇನ್ನೊಂದು ದೊಡ್ಡ ಗ್ರಂಥ ಹುಟ್ಟಿತೆಂಬುದನ್ನು ನೆನೆಯುವವರು ಕಡಿಮೆ. ಅದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’.

ಮಹಾವೀರಾಚಾರ್ಯನು ಜೈನ ವಿದ್ವಾಂಸ. ಬರೆದದ್ದು ಸಂಸ್ಕೃತ ಪದ್ಯಗಳಲ್ಲಿ. ಗ್ರಂಥದ ಮೊದಲಲ್ಲಿಯೇ ಅವನು ನೃಪತುಂಗನ ಆಳ್ವಿಕೆಯನ್ನು ಹರಸುತ್ತಾನೆ. ಇದಕ್ಕಿಂತ ಹೆಚ್ಚಾಗಿ ಅವನ ಬದುಕಿನ ವಿವರ ನಮಗೆ ಉಳಿದಿಲ್ಲ, ಉಳಿದಿರುವುದು ಗ್ರಂಥ. ಅವನ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷಗ್ರಂಥದ ಒಂದೆರಡು ಅಧ್ಯಾಯಗಳಾಗಿ ಹೇಳಿದ್ದರು. ಮಹಾವೀರನು ಗ್ರಹಗತಿಯ ಗೋಜಿಗೆ ಹೋಗದೆ, ಮೊದಲಿನಿಂದ ಕೊನೆಯವರೆಗೆ ಗಣಿತವನ್ನೇ ಹೇಳುವ ಪಠ್ಯವೊಂದನ್ನು ರಚಿಸಿದನು. ಪರಿಭಾಷೆ, ಮೂಲಕ್ರಿಯೆಗಳು, ಭಿನ್ನ, ತ್ರೈರಾಶಿಕ, ಮಿಶ್ರವ್ಯವಹಾರ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಎಂದು ಒಂಬತ್ತು ಅಧ್ಯಾಯಗಳಲ್ಲಿ ಸಾವಿರಕ್ಕೂ ಹೆಚ್ಚು ಪದ್ಯಗಳು ಅದರಲ್ಲಿವೆ. ಗಣಿತವು ಎಲ್ಲೆಲ್ಲಿ ಬೇಕೆಂಬುದನ್ನು ಹೇಳುವಾಗ ಅವನು ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣಗಳನ್ನೆಲ್ಲ ಹೆಸರಿಸುತ್ತಾನೆ. ಅಡುಗೆಯ ಮನೆಯಿಂದ ವ್ಯಾಕರಣದ ಪಾಠಶಾಲೆಯವರೆಗೆ ತನ್ನ ಶಾಸ್ತ್ರವನ್ನು ಹಬ್ಬಿಸಿದ ಈ ಆಚಾರ್ಯನ ಮೇಲೆ ಕನ್ನಡದ ಅಧ್ಯಾಪಕನಿಗೂ ಒಂದಿಷ್ಟು ಹಕ್ಕಿದೆಯೆಂದು ನಾನು ಭಾವಿಸುತ್ತೇನೆ.

ಕಲಾಸವರ್ಣವೆಂಬ ಹೆಸರು

ಗ್ರಂಥದ ಮೂರನೆಯ ಅಧ್ಯಾಯದ ಹೆಸರು ‘ಕಲಾಸವರ್ಣವ್ಯವಹಾರ’. ಕಲೆ ಎಂದರೆ ತುಣುಕು, ಭಾಗ. ಚಂದ್ರನ ಹದಿನಾರು ಕಲೆಗಳೆನ್ನುವಾಗ ನಾವು ಬಳಸುವುದು ಇದೇ ಅರ್ಥವನ್ನು. ಸವರ್ಣವೆಂದರೆ ಒಂದೇ ಬಣ್ಣದ್ದು, ಒಂದೇ ಜಾತಿಯದು. ಬೇರೆ ಬೇರೆ ಛೇದಗಳುಳ್ಳ ತುಣುಕುಗಳನ್ನು ಒಂದೇ ಬಣ್ಣಕ್ಕೆ ತರುವುದು ಕಲಾಸವರ್ಣ. ವ್ಯಾಕರಣದ ಸವರ್ಣದೀರ್ಘ ಸಂಧಿಯಲ್ಲಿ ಸಜಾತಿಯ ಎರಡು ಸ್ವರಗಳು ಕೂಡಿ ಒಂದು ದೀರ್ಘವಾಗುತ್ತವೆ. ಗಣಿತದ ಕಲಾಸವರ್ಣದಲ್ಲಿ ಸಜಾತಿಯಾದ ತುಣುಕುಗಳು ಕೂಡಿ ಒಂದು ರಾಶಿಯಾಗುತ್ತವೆ. ಶಬ್ದ ಒಂದೇ, ಶಾಸ್ತ್ರ ಎರಡು.

ಈ ಅಧ್ಯಾಯದಲ್ಲಿ ಆಚಾರ್ಯನು ಭಾಗ, ಪ್ರಭಾಗ, ಭಾಗಭಾಗ, ಭಾಗಾನುಬಂಧ, ಭಾಗಾಪವಾಹ, ಭಾಗಮಾತೃ ಎಂದು ಭಿನ್ನಗಳ ಆರು ಜಾತಿಗಳನ್ನು ಹೇಳುತ್ತಾನೆ. ಅವು ಅಂದಿನ ಪಾಠಶಾಲೆಯ ಸಾಮಾನ್ಯ ಸಾಮಗ್ರಿ. ಅವುಗಳ ವಿವರಕ್ಕೆ ಇಲ್ಲಿ ಹೋಗಬೇಕಾಗಿಲ್ಲ. ಇತರರಲ್ಲಿ ಇಷ್ಟು ವಿಸ್ತಾರವಾಗಿ ಕಾಣದ ಸಂಗತಿಯೊಂದು ಅವುಗಳ ನಡುವೆ ಬರುತ್ತದೆ. ಕೂಡಿಸುವುದನ್ನು ಕಲಿಸಿದ ಮೇಲೆ ಅವನು ತಿರುಗಿ ನಿಂತು, ಕೊಟ್ಟ ಮೊತ್ತವನ್ನು ಭಿನ್ನಗಳಾಗಿ ಬಿಡಿಸುವ ಸೂತ್ರಗಳನ್ನು ಸಾಲಾಗಿ ಹೇಳುತ್ತಾನೆ.

ಮೊದಲನೆಯ ಸೂತ್ರ ಹೀಗಿದೆ. ಒಂದು ಎಂಬುದನ್ನು ಬೇಕಾದಷ್ಟು ಏಕಾಂಶ ಭಿನ್ನಗಳಾಗಿ, ಎಂದರೆ ಅಂಶ ಒಂದೇ ಆಗಿರುವ ಭಿನ್ನಗಳಾಗಿ, ಬಿಡಿಸಬೇಕು. ಒಂದರಿಂದ ಹಿಡಿದು ಮೂರು ಮೂರರಿಂದ ಗುಣಿಸುತ್ತ ಹೋಗಿ: ೧, ೩, ೯, ೨೭, ೮೧. ಮೊದಲನೆಯದನ್ನು ಎರಡರಿಂದ ಗುಣಿಸಿ. ಕೊನೆಯದನ್ನು ಮೂರನೆಯ ಎರಡರಿಂದ ಗುಣಿಸಿ. ಛೇದಗಳು ೨, ೩, ೯, ೨೭, ೫೪ ಎಂದಾಗುತ್ತವೆ. ವಾಚಕರು ಕಾಗದ ತೆಗೆದುಕೊಂಡು ೧/೨, ೧/೩, ೧/೯, ೧/೨೭, ೧/೫೪ ಇವುಗಳನ್ನು ಕೂಡಿಸಿ ನೋಡಬಹುದು. ಛೇದ ೫೪ ಆದಾಗ ಅಂಶಗಳು ೨೭, ೧೮, ೬, ೨, ೧, ಮೊತ್ತ ೫೪. ಪೂರ್ಣ ಒಂದು.

ಎರಡನೆಯ ಸೂತ್ರ ಇದಕ್ಕಿಂತ ಚೆಲುವಾದದ್ದು. ಈ ಲೇಖನಕ್ಕೆ ತಿರುಳಾದದ್ದೂ ಅದೇ. ಭಿನ್ನಗಳ ಎಣಿಕೆ ಬೆಸವಾಗಿದ್ದರೆ, ಎರಡರಿಂದ ಮೊದಲ್ಗೊಂಡು ಒಂದರ ಪಕ್ಕದಲ್ಲೊಂದಿರುವ ಎರಡೆರಡು ಸಂಖ್ಯೆಗಳನ್ನು ಗುಣಿಸಿ ಅರ್ಧಮಾಡುತ್ತ ಹೋಗಿ; ಕೊನೆಗೆ ಉಳಿದ ಸಂಖ್ಯೆಯನ್ನು ಮಾತ್ರ ಒಂಟಿಯಾಗಿ ಅರ್ಧಮಾಡಿ. ಐದು ಭಿನ್ನಗಳು ಬೇಕೆನ್ನಿ. ಎರಡು ಮೂರಲ ಆರು, ಅದರ ಅರ್ಧ ೩. ಮೂರು ನಾಲ್ಕಲ ಹನ್ನೆರಡು, ಅರ್ಧ ೬. ನಾಲ್ಕು ಐದಲ ಇಪ್ಪತ್ತು, ಅರ್ಧ ೧೦. ಐದು ಆರಲ ಮೂವತ್ತು, ಅರ್ಧ ೧೫. ಕೊನೆಯ ಆರನ್ನು ಅರ್ಧಮಾಡಿದರೆ ೩. ಹಾಗಾದರೆ ೧/೩, ೧/೬, ೧/೧೦, ೧/೧೫, ೧/೩ ಇವುಗಳ ಮೊತ್ತ ಒಂದು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಮೂವತ್ತು ಎಕರೆ ಹೊಲವಿದೆಯೆನ್ನಿ. ಆಚಾರ್ಯನ ಸೂತ್ರದಂತೆ ಐದು ಪಾಲುಮಾಡಿದರೆ ಹತ್ತು, ಐದು, ಮೂರು, ಎರಡು, ಹತ್ತು ಎಕರೆಗಳಾಗುತ್ತವೆ. ಒಂದು ಗುಂಟೆಯೂ ಮಿಗುವುದಿಲ್ಲ, ಒಂದು ಗುಂಟೆಯೂ ಕೊರೆಯಾಗುವುದಿಲ್ಲ. ಪಾಲು ಸಮವಲ್ಲ, ಲೆಕ್ಕ ಮಾತ್ರ ಸರಿ.

ಸೂತ್ರದ ಒಳಗುಟ್ಟು

ಇದು ಏಕೆ ಸರಿಹೋಗುತ್ತದೆ? ಸೂತ್ರಕಾರರ ವಾಡಿಕೆಯಂತೆ ಪದ್ಯವು ಕಾರಣವನ್ನು ಹೇಳುವುದಿಲ್ಲ. ನಾವೇ ಬಿಡಿಸಿ ನೋಡಬೇಕು. ಎರಡು ಮೂರಲ ಆರರಲ್ಲಿ ಒಂದು ಎಂಬ ಭಿನ್ನವನ್ನು ತೆಗೆದುಕೊಳ್ಳಿ. ಅರ್ಧದಲ್ಲಿ ಮೂರನೆಯ ಒಂದನ್ನು ಕಳೆದರೆ ಉಳಿಯುವುದು ಆರನೆಯ ಒಂದೇ ಅಲ್ಲವೆ? ಹಾಗೆಯೇ ಹನ್ನೆರಡನೆಯ ಒಂದೆಂದರೆ ಮೂರನೆಯ ಒಂದರಲ್ಲಿ ನಾಲ್ಕನೆಯ ಒಂದನ್ನು ಕಳೆದದ್ದು; ಇಪ್ಪತ್ತನೆಯ ಒಂದೆಂದರೆ ನಾಲ್ಕನೆಯ ಒಂದರಲ್ಲಿ ಐದನೆಯ ಒಂದನ್ನು ಕಳೆದದ್ದು; ಮೂವತ್ತನೆಯ ಒಂದೆಂದರೆ ಐದನೆಯ ಒಂದರಲ್ಲಿ ಆರನೆಯ ಒಂದನ್ನು ಕಳೆದದ್ದು. ಇವುಗಳನ್ನೆಲ್ಲ ಸಾಲಾಗಿ ಕೂಡಿಸಿದರೆ ಒಂದರಲ್ಲಿ ಕಳೆದದ್ದು ಮುಂದಿನದರಲ್ಲಿ ಸೇರಿ ನಡುವಿನವೆಲ್ಲ ಹೊಡೆದುಹೋಗುತ್ತವೆ. ಉಳಿಯುವುದು ಮೊದಲಿನ ಅರ್ಧ ಮತ್ತು ಕೊನೆಯಲ್ಲಿ ಕಳೆದ ಆರನೆಯ ಒಂದು. ಆಚಾರ್ಯನು ಛೇದಗಳನ್ನು ಅರ್ಧಮಾಡಿದ್ದರಿಂದ ಎಲ್ಲವೂ ಇಮ್ಮಡಿಯಾಗುತ್ತದೆ: ಒಂದರಲ್ಲಿ ಮೂರನೆಯ ಒಂದನ್ನು ಕಳೆದದ್ದು. ಆ ಕೊರೆಯನ್ನು ತುಂಬಲೆಂದೇ ಕೊನೆಗೆ ೧/೩ನ್ನು ಒಂಟಿಯಾಗಿ ಸೇರಿಸಿದ್ದಾನೆ.

ಇದು ಆಕಸ್ಮಿಕವಾಗಿ ಕೈಗೆ ಸಿಕ್ಕ ಚಮತ್ಕಾರವಲ್ಲವೆಂಬುದಕ್ಕೆ ಮುಂದಿನ ಸೂತ್ರವೇ ಸಾಕ್ಷಿ. ಅಲ್ಲಿ ಅಂಶಗಳು ಒಂದೊಂದೇ ಆಗಿರಬೇಕೆಂಬ ಕಟ್ಟಳೆಯನ್ನು ಅವನು ಸಡಿಲಿಸುತ್ತಾನೆ. ಅಂಶಗಳನ್ನು ಕೇಳಿದವನೇ ಕೊಡಲಿ; ಛೇದಗಳನ್ನು ಹುಡುಕಿಕೊಡುವುದು ಸೂತ್ರದ ಕೆಲಸ. ಅರ್ಧವನ್ನು ೧, ೨, ೩ ಎಂಬ ಅಂಶಗಳುಳ್ಳ ಮೂರು ಭಿನ್ನಗಳಾಗಿ ಬಿಡಿಸಬೇಕೆನ್ನಿ. ಎರಡರಿಂದ ಹೊರಟು ಅಂಶಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ೨, ೩, ೫ ಸಿಗುತ್ತವೆ. ಮೊದಲನೆಯ ಛೇದ ಎರಡು ಮೂರಲ ಆರು. ಎರಡನೆಯದು ಮೂರು ಐದಲ ಹದಿನೈದು. ಕೊನೆಯದು ಐದನ್ನು ಕೊನೆಯ ಅಂಶವಾದ ಮೂರರಿಂದ ಗುಣಿಸಿದ ಹದಿನೈದು. ೧/೬, ೨/೧೫, ೩/೧೫ ಇವುಗಳನ್ನು ಕೂಡಿಸಿದರೆ ಸರಿಯಾಗಿ ಅರ್ಧ. ಇಲ್ಲಿಯೂ ಒಳಗುಟ್ಟು ಅದೇ. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಅವುಗಳ ಗುಣಲಬ್ಧದಿಂದ ಭಾಗಿಸಿದರೆ ದೊರೆಯುವ ಭಿನ್ನವು ಎರಡು ಸರಳ ಭಿನ್ನಗಳ ವ್ಯತ್ಯಾಸಕ್ಕೆ ಸಮ. ಈ ಒಂದು ಸತ್ಯವನ್ನು ಆಚಾರ್ಯನು ಬಲ್ಲನು; ಅದನ್ನು ಬೇಕೆಂದಲ್ಲಿ ಬೇಕಾದಂತೆ ಬಳಸಬಲ್ಲನು.

ಇಂಥ ಲೆಕ್ಕದಿಂದ ಯಾರಿಗೆ ಏನು ಪ್ರಯೋಜನವೆಂದು ಕೇಳಬಹುದು. ಭಿನ್ನದ ಬಳಕೆಯಂತೂ ಅಂದು ಇಂದಿಗಿಂತ ಹೆಚ್ಚೇ ಇತ್ತು. ನಮ್ಮ ಶಾಸನಗಳಲ್ಲಿ ಬರುವ ಹಾಗ, ವೀಸ ಮುಂತಾದವು ಹಣದ ತುಣುಕುಗಳು. ಹಾಗವೆಂದರೆ ಕಾಲು, ವೀಸವೆಂದರೆ ಹದಿನಾರನೆಯ ಒಂದು. ಹಿಂದಿನ ಐಗಳ ಮಠಗಳಲ್ಲಿ ಮಕ್ಕಳು ಕಾಲರ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲರ ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿದ್ದರು. ೧೯೫೭ರಲ್ಲಿ ದಶಮಾನ ನಾಣ್ಯ ಬಂದು ಆಣೆಗಳು ಹೋದರೂ ಹಳ್ಳಿಯ ಪಾಲುಪಟ್ಟಿಯಲ್ಲಿ ನಾಲ್ಕಾಣೆ ಪಾಲು, ಎಂಟಾಣೆ ಪಾಲು ಎಂಬ ಮಾತು ಹೋಗಲಿಲ್ಲ. ಆದರೂ ಒಂದನ್ನು ಐದು ಏಕಾಂಶಗಳಾಗಿ ಒಡೆಯಬೇಕೆಂಬ ಹಟ ಯಾವ ಅಂಗಡಿಯಿಂದಲೂ ಬಂದದ್ದಲ್ಲ. ಅದು ಗಣಿತದ ಸ್ವಂತ ಕುತೂಹಲ. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ರಚಿಸಿದ ಭಾಮಿನೀ ಷಟ್ಪದಿಯಲ್ಲಿ ಏಳು ಮಾತ್ರೆಗಳನ್ನು ಮೂರು ನಾಲ್ಕಾಗಿಯೇ ಒಡೆಯಬೇಕು. ಹಾಗೆ ಒಡೆಯುವುದರಿಂದ ಅಂಗಡಿಗೆ ಲಾಭವಿಲ್ಲ, ಕಿವಿಗೆ ಲಾಭವುಂಟು. ಆಚಾರ್ಯನ ಒಡೆಯುವಿಕೆಯಲ್ಲಿಯೂ ಬುದ್ಧಿಗೆ ಅಂಥದೊಂದು ಲಾಭವಿದೆ.

ಪ್ಯಾರಿಸ್ಸಿನ ಒಂದು ಪ್ರಶ್ನೆ

ಇನ್ನು ಎಂಟು ಶತಮಾನಗಳಿಗೂ ಹೆಚ್ಚು ಮುಂದೆ, ಇನ್ನೊಂದು ಖಂಡಕ್ಕೆ ಹೋಗೋಣ. ಅಲ್ಲಿ ಕೇಳಿಬರುವುದು ಇದೇ ಭಿನ್ನಗಳ ಸಾಲು. ೧೬೭೨ರಲ್ಲಿ ಜರ್ಮನಿಯ ತರುಣ ಲೈಬ್ನಿಟ್ಸನು ರಾಜಕಾರ್ಯದ ನಿಮಿತ್ತ ಪ್ಯಾರಿಸ್ಸಿಗೆ ಬಂದನು. ಕಾನೂನು, ತತ್ತ್ವಶಾಸ್ತ್ರಗಳಲ್ಲಿ ಪಂಡಿತನಾಗಿದ್ದರೂ ಗಣಿತದಲ್ಲಿ ಅವನ ಓದು ಇನ್ನೂ ಅಲ್ಪ. ಅಲ್ಲಿ ಹೆಸರಾಂತ ವಿಜ್ಞಾನಿ ಹೈಗೆನ್ಸನು ಅವನಿಗೊಂದು ಲೆಕ್ಕ ಕೊಟ್ಟನು: ೧, ೧/೩, ೧/೬, ೧/೧೦, ೧/೧೫ ಎಂದು ಕೊನೆಯಿಲ್ಲದೆ ಸಾಗುವ ಸಾಲಿನ ಮೊತ್ತವೆಷ್ಟು?

ವಾಚಕರು ಈ ಛೇದಗಳನ್ನು ಗುರುತಿಸಿರಬಹುದು. ಮಹಾವೀರನ ಬೆಸ ಎಣಿಕೆಯ ಸೂತ್ರದಲ್ಲಿ ಬಂದ ೩, ೬, ೧೦, ೧೫ ಇವೇ. ಲೈಬ್ನಿಟ್ಸನು ಬಿಡಿಸಿದ ದಾರಿಯೂ ಅದೇ. ಪ್ರತಿಯೊಂದು ಭಿನ್ನವನ್ನೂ ಅರ್ಧಮಾಡಿ, ಅದನ್ನು ಅಕ್ಕಪಕ್ಕದ ಎರಡು ಭಿನ್ನಗಳ ವ್ಯತ್ಯಾಸವಾಗಿ ಬರೆದನು; ನಡುವಿನವೆಲ್ಲ ಹೊಡೆದುಹೋದವು; ಉತ್ತರ ಎರಡು ಎಂದು ಬಂತು.

ಆದರೆ ಇಬ್ಬರೂ ಕೊನೆಯ ಪದವನ್ನು ನಡೆಸಿಕೊಂಡ ರೀತಿಯಲ್ಲಿ ಒಂದು ದೊಡ್ಡ ಅಂತರವಿದೆ. ಮಹಾವೀರನ ಸಾಲಿಗೆ ಕೊನೆಯುಂಟು. ಆ ಕೊನೆಯ ಕೊರೆಯನ್ನು ಅವನು ಲೆಕ್ಕದಲ್ಲಿ ಬರೆದು ತುಂಬುತ್ತಾನೆ. ಐದು ಭಿನ್ನಗಳಾದರೆ ಆ ಕೊನೆಯ ತುಂಡು ೧/೩, ಏಳಾದರೆ ೧/೪, ತೊಂಬತ್ತೊಂಬತ್ತಾದರೆ ೧/೫೦. ಸಾಲು ಬೆಳೆದಂತೆ ತುಂಡು ಚಿಕ್ಕದಾಗುತ್ತದೆ. ಲೈಬ್ನಿಟ್ಸನು ಸಾಲನ್ನು ಎಲ್ಲಿಯೂ ನಿಲ್ಲಿಸಲಿಲ್ಲ. ಆದ್ದರಿಂದ ಆ ತುಂಡು ಸವೆದು ಸವೆದು ಶೂನ್ಯಕ್ಕೆ ಸರಿಯಿತು. ಕೂಡಿಸುವುದೂ ಕಳೆಯುವುದೂ ಒಂದನ್ನೊಂದು ಬಿಡಿಸುವ ಕ್ರಿಯೆಗಳೆಂಬ ಅರಿವು ಅವನಲ್ಲಿ ಬೇರೂರಿತು. ವ್ಯತ್ಯಾಸಗಳನ್ನು ಕೂಡಿಸಿದರೆ ಮೂಲ ದೊರೆಯುತ್ತದೆಂಬ ಈ ಅರಿವನ್ನೇ ವಕ್ರರೇಖೆಗಳಿಗೆ ಹಚ್ಚಿ ಅವನು ಅವಕಲನ, ಅನುಕಲನಗಳ ಶಾಸ್ತ್ರವನ್ನು ಕಟ್ಟಿದನು. ಪ್ಯಾರಿಸ್ಸಿನ ಆ ಲೆಕ್ಕವನ್ನು ಕಲನಶಾಸ್ತ್ರದ ಬೀಜಗಳಲ್ಲಿ ಒಂದೆಂದು ಗಣಿತದ ಇತಿಹಾಸಕಾರರು ಹೇಳುತ್ತಾರೆ.

ಮೂವತ್ತು ವರ್ಷಗಳ ಅನಂತರ, ೧೭೦೨ರಲ್ಲಿ, ಲೈಬ್ನಿಟ್ಸನೂ ಸ್ವಿಟ್ಜರ್ಲೆಂಡಿನ ಯೋಹಾನ್ ಬೆರ್ನೂಲಿಯೂ ಭಿನ್ನವನ್ನು ಬಿಡಿಸುವ ಈ ಉಪಾಯವನ್ನು ಅನುಕಲನಕ್ಕೆ ಕ್ರಮವಾಗಿ ಹೂಡಿದರು. ಇಂದಿನ ಆಂಶಿಕ ಭಿನ್ನರಾಶಿಯ ಪಾಠ ಅಲ್ಲಿಂದ ಬಂದದ್ದು. ಅದರ ಅತಿ ಸರಳ ಉದಾಹರಣೆಯನ್ನು ನೋಡಿ. ಮಹಾವೀರನ ಎರಡು, ಮೂರುಗಳ ಜಾಗದಲ್ಲಿ ಬದಲಾಗುವ ರಾಶಿಯನ್ನಿಟ್ಟು, ಅದನ್ನು ಕ್ಷ ಎನ್ನೋಣ. ಕ್ಷವನ್ನು ಅದಕ್ಕಿಂತ ಒಂದು ಹೆಚ್ಚಾದ ಕ್ಷ+೧ರಿಂದ ಗುಣಿಸಿ, ಆ ಗುಣಲಬ್ಧವು ಛೇದದಲ್ಲಿರುವ ಭಿನ್ನವನ್ನು ತೆಗೆದುಕೊಂಡರೆ, ಅದು ೧/ಕ್ಷದಲ್ಲಿ ೧/(ಕ್ಷ+೧)ನ್ನು ಕಳೆದದ್ದಕ್ಕೆ ಸಮ. ಮೂಲ ಭಿನ್ನದ ಅನುಕಲನ ನೇರವಾಗಿ ಕಾಣದು. ಬಿಡಿಸಿದ ಎರಡರ ಅನುಕಲನವೂ ಲಘುಗಣಕಗಳಾಗಿ ಒಡನೆ ಬರುತ್ತದೆ. ದೊಡ್ಡ ಭಿನ್ನಗಳಲ್ಲಿಯೂ ಇದೇ ಕ್ರಮ: ಮೊದಲು ಛೇದವನ್ನು ಅಪವರ್ತನಗಳಾಗಿ ಒಡೆಯುವುದು, ಒಂದೊಂದು ಅಪವರ್ತನಕ್ಕೂ ಒಂದೊಂದು ಚಿಕ್ಕ ಭಿನ್ನವನ್ನು ಕಲ್ಪಿಸುವುದು, ಅಂಶಗಳನ್ನು ಸರಿದೂಗಿಸಿ ಕಂಡುಹಿಡಿಯುವುದು.

ಈ ಉಪಾಯ ಪುಸ್ತಕದಲ್ಲಿಯೇ ಉಳಿಯಲಿಲ್ಲ. ೧೮೩೮ರಲ್ಲಿ ಬೆಲ್ಜಿಯಮ್ಮಿನ ವೆರ್ಹುಲ್ಸ್ಟನು ಜನಸಂಖ್ಯೆ ಮೊದಲು ವೇಗವಾಗಿ ಬೆಳೆದು, ನೆಲದ ಮಿತಿ ಹತ್ತಿರವಾದಂತೆ ನಿಧಾನಿಸುವ ಬಗೆಗೆ ಒಂದು ಸಮೀಕರಣವನ್ನು ಕೊಟ್ಟನು. ಅದನ್ನು ಬಿಡಿಸುವಾಗ ಎದುರಾಗುವುದು ಮೇಲಿನಂಥದೇ ಭಿನ್ನ. ಇರುವ ಜನ ಒಂದು ಅಪವರ್ತನ, ಇನ್ನೂ ಹಿಡಿಸಬಹುದಾದ ಜನ ಇನ್ನೊಂದು. ವಿದ್ಯುತ್ ಯಂತ್ರಗಳ ನಿಯಂತ್ರಣವನ್ನು ಓದುವ ಇಂಜಿನಿಯರಿಗೂ ಈ ಪಾಠ ತಪ್ಪಿದ್ದಲ್ಲ. ರಾಯಚೂರಿನ ಹತ್ತಿರದ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲೆ ವಿದ್ಯುತ್ತನ್ನು ಉತ್ಪಾದಿಸುವ ಕೇಂದ್ರದಲ್ಲಿ ಕೆಲಸಕ್ಕೆ ಸೇರುವ ತರುಣ ಇಂಜಿನಿಯರು ಆಂಶಿಕ ಭಿನ್ನರಾಶಿಯನ್ನು ಕಲಿಯದೆ ಪದವಿಯನ್ನು ಪಡೆದಿರಲಾರನು.

ಹೆಮ್ಮೆಗೊಂದು ಎಲ್ಲೆ

ಇಷ್ಟನ್ನು ಹೇಳಿದೊಡನೆ ಕೆಲವರು ಎದ್ದುನಿಂತು, ಕಲನಶಾಸ್ತ್ರವೆಲ್ಲ ಮಾನ್ಯಖೇಟದಲ್ಲಿಯೇ ಇತ್ತೆಂದು ಸಾರಬಹುದು. ಹಾಗೆ ಸಾರುವುದು ಆಚಾರ್ಯನಿಗೆ ಗೌರವವಲ್ಲ. ಅವನಲ್ಲಿ ಅನುಕಲನವಿಲ್ಲ; ಅನಂತದವರೆಗೆ ಸಾಗುವ ಶ್ರೇಢಿಯನ್ನು ಕೂಡಿಸುವ ಸಾಹಸವಿಲ್ಲ. ಭಾರತದಲ್ಲಿ ಅನಂತ ಶ್ರೇಢಿಗಳನ್ನು ನಿಜವಾಗಿ ಪಳಗಿಸಿದವರನ್ನು ಕಾಣಬೇಕಾದರೆ ಹದಿನಾಲ್ಕನೆಯ ಶತಮಾನದ ಕೇರಳಕ್ಕೆ, ಸಂಗಮಗ್ರಾಮದ ಮಾಧವನ ಶಿಷ್ಯಪರಂಪರೆಗೆ ಹೋಗಬೇಕು. ಲೈಬ್ನಿಟ್ಸನು ಮಹಾವೀರನನ್ನು ಓದಿದ್ದನೆನ್ನಲು ಯಾವ ಆಧಾರವೂ ಇಲ್ಲ. ಒಂದೇ ಬೆಟ್ಟಕ್ಕೆ ಎರಡು ಕಡೆಯಿಂದ ಹತ್ತಿದವರು ಒಂದೇ ಬಂಡೆಯ ಮೇಲೆ ಕಾಲಿಟ್ಟಂತೆ ಇದು.

ಇನ್ನೊಂದು ಅಂತರವೂ ಉಂಟು. ಆಚಾರ್ಯನು ಒಂದನ್ನು ಹಲವು ಬಗೆಯಾಗಿ ಬಿಡಿಸುತ್ತಾನೆ. ಯಾವ ಬಗೆಯೂ ಅವನಿಗೆ ಸಮ್ಮತ. ಬಹುಪದೋಕ್ತಿಗಳ ಆಂಶಿಕ ಭಿನ್ನದಲ್ಲಿಯಾದರೋ ಛೇದದ ಅಪವರ್ತನಗಳು ಗೊತ್ತಾದ ಮೇಲೆ ಬಿಡಿಸುವ ಬಗೆ ಒಂದೇ, ಎರಡನೆಯದಿಲ್ಲ. ಆ ಖಚಿತತೆಯಿಂದಲೇ ಅದು ಅನುಕಲನಕ್ಕೆ ನಂಬಿಗಸ್ತ ಸಾಧನವಾಯಿತು.

ಮಹಾವೀರನು ತಪ್ಪಿದ್ದೂ ಉಂಟು. ಒಂದು ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಅದು ಮಾರ್ಪಡದೆ ಹಾಗೆಯೇ ಉಳಿಯುತ್ತದೆಂದು ಅವನು ಹೇಳಿದ್ದಾನೆ. ಇದು ಸರಿಯಲ್ಲ, ಆಂಶಿಕ ಭಿನ್ನದ ವಿದ್ಯಾರ್ಥಿಯಂತೂ ಛೇದವು ಶೂನ್ಯವಾಗುವ ತಾಣಗಳನ್ನೇ ಮೊದಲು ಹುಡುಕಿ ಎಚ್ಚರಿಕೆಯಿಂದ ನಡೆಯಬೇಕು. ಆದರೆ ಋಣಸಂಖ್ಯೆ ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಸ್ಪಷ್ಟವಾಗಿ ಕಂಡಿದ್ದನು. ಲೈಬ್ನಿಟ್ಸನ ಕಾಲದ ಗಣಿತಜ್ಞರು ಇದೇ ಮೂಲವನ್ನು ಕಾಲ್ಪನಿಕವೆಂದು ಒಪ್ಪಿಕೊಂಡು ಮುಂದೆ ನಡೆದರು. ಆದರೂ ಅದರ ಹೊಸ್ತಿಲಿನಲ್ಲಿ ಲೈಬ್ನಿಟ್ಸನೇ ಎಡವಿದನು. ೧೭೦೨ರಲ್ಲಿ ಅವನು, ಎರಡು ನಾಲ್ಕನೆಯ ಘಾತಗಳ ಮೊತ್ತವು ಛೇದವಾಗಿದ್ದರೆ ಅದನ್ನು ವಾಸ್ತವ ಅಪವರ್ತನಗಳಾಗಿ ಒಡೆಯಲಾಗದೆಂದು ತಿಳಿದನು. ಒಡೆಯಬಹುದೆಂದು ಮುಂದಿನವರು ತೋರಿಸಿದರು. ಹೀಗೆ ಶಾಸ್ತ್ರವು ಸರಿಗಳನ್ನು ಉಳಿಸಿಕೊಂಡು, ತಪ್ಪುಗಳನ್ನು ತಿದ್ದಿಕೊಂಡು ಬೆಳೆಯುತ್ತದೆ. ಮಹಾವೀರನನ್ನಾಗಲಿ ಲೈಬ್ನಿಟ್ಸನನ್ನಾಗಲಿ ತಪ್ಪರಿಯದ ದೇವತೆಯನ್ನಾಗಿ ಮಾಡಿದರೆ ನಾವು ಅವರಿಂದ ಕಲಿಯುವುದನ್ನು ನಿಲ್ಲಿಸಿದಂತೆ.

ಗ್ರಂಥ ನಡೆದ ದಾರಿ

ಗಣಿತಸಾರಸಂಗ್ರಹವು ದಕ್ಷಿಣದಲ್ಲಿ ಬಹುಕಾಲ ಪಾಠದಲ್ಲಿತ್ತು. ಪಾವುಲೂರಿ ಮಲ್ಲನನು ಅದನ್ನು ತೆಲುಗಿನ ಪದ್ಯಗಳಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಗ್ರಂಥಗಳನ್ನು ಬರೆದು ಲೆಕ್ಕವನ್ನು ದೇಶಭಾಷೆಗೆ ಇಳಿಸಿದನು. ಅವನ ಒಂದು ಗ್ರಂಥದ ಹೆಸರು ‘ಚಿತ್ರಹಸುಗೆ’. ಹಸುಗೆ ಎಂದರೆ ಪಾಲು, ವಿಭಾಗ, ಹಳಗನ್ನಡದಲ್ಲಿ ಪಸುಗೆ. ಒಡೆದು ಹಂಚುವುದಕ್ಕೆ ಕನ್ನಡದಲ್ಲಿ ಇಷ್ಟು ಅಚ್ಚುಕಟ್ಟಾದ ಮಾತಿದ್ದರೂ ಇಂದಿನ ಪಠ್ಯಪುಸ್ತಕಗಳು ಅದನ್ನು ಮರೆತಿವೆ.

ಆಮೇಲೆ ಮಹಾವೀರನ ಗ್ರಂಥವು ತಾಳೆಗರಿಗಳಲ್ಲಿ ಮಲಗಿತು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಅಚ್ಚುಹಾಕಿಸಿದಾಗ ಅದು ಮತ್ತೆ ಜಗತ್ತಿನ ಕಣ್ಣಿಗೆ ಬಿತ್ತು. ಅವರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಆ ಆವೃತ್ತಿಗೆ ಮುನ್ನುಡಿ ಬರೆದನು. ಶತಮಾನಗಳ ಕಾಲ ಆ ಸೂತ್ರಗಳನ್ನು ಕಾಪಾಡಿದ ಲಿಪಿಕಾರರಲ್ಲಿ ಕನ್ನಡ ಅಕ್ಷರವನ್ನು ಕೊರೆಯುತ್ತಿದ್ದವರೂ ಇದ್ದರೆಂಬುದನ್ನು ನಾವು ನೆನಪಿಡಬೇಕು. ೨೦೦೦ದಲ್ಲಿ ಹೊಂಬುಜದ ಜೈನಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದಿದೆ.

ನಮ್ಮ ಸೀಮೆಗೆ ಇದರಲ್ಲಿ ಒಂದು ಪಾಠವಿದೆ. ೧೯೧೮ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಗಣಿತವನ್ನೂ ಉರ್ದುವಿನಲ್ಲಿಯೇ ಕಲಿಸಿತು. ಅದಕ್ಕಾಗಿ ಒಂದು ಅನುವಾದ ಸಂಸ್ಥೆಯನ್ನೇ ನಡೆಸಿ, ಪಾರಿಭಾಷಿಕ ಪದಗಳನ್ನು ಸಾವಿರಗಟ್ಟಲೆ ಕಟ್ಟಿಸಿತು. ಆ ವ್ಯವಸ್ಥೆಯಲ್ಲಿ ಕನ್ನಡದ ಮಕ್ಕಳು ಪಟ್ಟ ಕಷ್ಟ ಸುಳ್ಳಲ್ಲ; ದೇಶಭಾಷೆಯೊಂದರಲ್ಲಿ ಕಲನಶಾಸ್ತ್ರವನ್ನು ಕಲಿಸಬಹುದೆಂಬುದು ಅಲ್ಲಿ ಸಿದ್ಧವಾದದ್ದೂ ಸುಳ್ಳಲ್ಲ. ಉರ್ದುವಿಗೆ ಸಾಧ್ಯವಾದದ್ದು ಕನ್ನಡಕ್ಕೆ ಸಾಧ್ಯವಾಗದೆಂದು ಹೇಳಲು ಕಾರಣವಿಲ್ಲ.

ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಬೆಳಗಿನ ಬಸ್ಸು ಹಿಡಿದು ರಾಯಚೂರಿನ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಬಹುಮಂದಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ವಿಜ್ಞಾನ ವಿಭಾಗಕ್ಕೆ ಸೇರಿದ ದಿನದಿಂದ ಎಲ್ಲವೂ ಇಂಗ್ಲಿಷಿನಲ್ಲಿ. ಅವರು ಕಲನಶಾಸ್ತ್ರದ ಅಧ್ಯಾಯದಲ್ಲಿ ತಡೆಯುವುದು ಬುದ್ಧಿಯ ಕೊರತೆಯಿಂದಲ್ಲ. ‘ಪಾರ್ಷಿಯಲ್ ಫ್ರ್ಯಾಕ್ಷನ್ಸ್’ ಎಂಬ ಶಬ್ದ ಅವರ ಅನುಭವದ ಯಾವ ವಸ್ತುವನ್ನೂ ಮುಟ್ಟದೆ ಹೋಗುತ್ತದೆ. ಅದೇ ವಿದ್ಯಾರ್ಥಿನಿಗೆ ಹೊಲದ ಪಾಲು ಗೊತ್ತು; ನಾರಾಯಣಪುರ ಬಲದಂಡೆ ಕಾಲುವೆಯ ನೀರಿನ ಸರದಿ ಗೊತ್ತು; ಸಂಧಿ ಬಿಡಿಸುವುದಂತೂ ಗೊತ್ತೇ ಗೊತ್ತು. ಒಂದು ಭಿನ್ನವನ್ನು ಬಿಡಿಸುವುದೆಂದರೆ ಸಂಧಿಯನ್ನು ಬಿಡಿಸಿದಂತೆ, ಸರಿಯಾಗಿ ಬಿಡಿಸಿದ್ದೀಯೋ ಎಂದು ತಿಳಿಯಲು ತಿರುಗಿ ಕೂಡಿಸಿ ನೋಡು ಎಂದು ಒಂದು ಮಾತು ಕನ್ನಡದಲ್ಲಿ ಹೇಳಿದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಉಳಿದರ್ಧಕ್ಕೆ ಅಭ್ಯಾಸವೇ ಬೇಕು. ಅದಕ್ಕೆ ಯಾವ ಭಾಷೆಯಲ್ಲಿಯೂ ಬದಲಿಯಿಲ್ಲ.

ಮಹಾವೀರಾಚಾರ್ಯನ ಹೆಸರಿನಲ್ಲಿ ಭಾಷಣ ಮಾಡುವುದಕ್ಕಿಂತ, ಅವನ ಐದು ಭಿನ್ನಗಳನ್ನು ಒಂದು ಸಲ ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಕೂಡಿಸುವುದು ಮೇಲು. ನಡುವಿನವೆಲ್ಲ ಹೊಡೆದುಹೋಗಿ ಕೊನೆಗೆ ‘ಒಂದು’ ಉಳಿದಾಗ ಅವರಲ್ಲಿ ಯಾರಾದರೊಬ್ಬರು ಏಕೆಂದು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳಿದವರಿಗೆ ಅನುಕಲನದ ಬಾಗಿಲು ದೂರವಿಲ್ಲ.